ಓಬಳ ಕಾವು ಇಳಿಸಿದ್ದು

ಕೆಂಚನಹಟ್ಟಿಯಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಸಣ್ಣೀರಮ್ಮ. ಮಗ ಓಬಳ. ಓಬಳನಿಗೆ ಮೂವತ್ತೆರಡು ವರ್ಷ. ಆಳು ಗಟ್ಟಿ. ಎರಡು ಮೂಟೆ ಒಟ್ಟಿಗೆ ಹೊರುತ್ತಿದ್ದ. ಹೇಳಿದ್ದನ್ನು ಮಾಡುತ್ತಿದ್ದ. ಕಷ್ಟವಿದ್ದದ್ದು ಅಲ್ಲೇ. ಹೇಳಿದ್ದನ್ನೇ ಮಾಡುತ್ತಿದ್ದ.

ಮೇಕೆ ಕಟ್ಟಿ ಬಾ ಎಂದರೆ ಕಟ್ಟಿ ಬರುತ್ತಿದ್ದ. ಒಂದು ಸಲ ಬಿಚ್ಚು ಎಂದು ಯಾರೂ ಹೇಳಲಿಲ್ಲ. ಮೇಕೆ ಮೂರು ದಿನ ಬಿಸಿಲಲ್ಲಿ ನಿಂತು ಸತ್ತಿತು. ಆಗ ಸಣ್ಣೀರಮ್ಮ ಅತ್ತಳು. ಮೇಕೆಗಾಗಿ ಅಲ್ಲ.

ಅವಳಿಗೆ ಎದೆಯ ಕಾಯಿಲೆ. ಕಾಲು ಊದಿದ್ದವು. ನಾಲ್ಕು ಹೆಜ್ಜೆಗೆ ಉಸಿರು ಸಾಲದು. ಡಾಕ್ಟರು ಅವಳ ಮುಖ ನೋಡದೆ ಹೇಳಿದ್ದರು, ಮಳೆಗಾಲ ಕಾಣುವುದು ಅನುಮಾನ ಎಂದು. ಸಣ್ಣೀರಮ್ಮ ಹೆದರಲಿಲ್ಲ.

"ಸಾಯೋಕೆ ನಂಗೇನು? ಎಲ್ಲಾರೂ ಸಾಯ್ತಾರೆ," ಎಂದಳು. "ಇವನಿಗೆ ಮುದ್ದೆ ಹಾಕೋರು ಯಾರು, ಅದು ಹೇಳಿ."

ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಒಂದು ದಿನ ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು. ನೋಡ್ತಿರಪ್ಪ ಎಂದು ಹೇಳಿ ಸಣ್ಣೀರಮ್ಮ ನೀರಿಗೆ ಹೋದಳು. ಮಡಕೆ ಕುದಿಯಿತು. ಮುಚ್ಚಳ ಕುಣಿಯಿತು. ನೊರೆ ಉಕ್ಕಿ ಒಲೆ ಆರಿತು. ಓಬಳ ನೋಡುತ್ತಿದ್ದ.

ತಾಯಿ ಬಂದು ಕೊಡ ಇಳಿಸಿದಳು.

"ಕಣ್ಣು ಇಲ್ವೇನೋ ನಿಂಗೆ?"

"ಐತವ್ವ. ನೋಡ್ತಾನೇ ಇದ್ದೆ."

"ನೋಡಿ ಏನು ಮಾಡಿದೆ? ಕುದ್ದು ಉಕ್ಕೋದು ಕಂಡ್ರೆ ಮುಚ್ಚಳ ತೆಗೀಬೇಕು ಕಣೋ ದಡ್ಡ. ಹಬೆ ಹೊರಗೆ ಹೋದ್ರೆ ತಾನೇ ತಣ್ಣಗಾಗ್ತದೆ."

"ಹೂಂ ಅವ್ವ," ಎಂದ ಓಬಳ. ಮನಸ್ಸಿನಲ್ಲಿ ಇಟ್ಟುಕೊಂಡ.

ಹಟ್ಟಿಯಿಂದ ಒಂದು ಮೈಲಿ ಆಚೆಗೆ ಬಯಲು. ಹಿಂದೆ ಯಾವುದೋ ಕಾಲದಲ್ಲಿ ವಿಮಾನ ಇಳಿಯಲೆಂದು ಹಾಸಿದ ಡಾಂಬರು ಅಲ್ಲಿತ್ತು. ಈಗ ಅದನ್ನು ಬಳಸಿ, ತಿರುವು ಕೂಡಿಸಿ, ಕಾರು ಓಡಿಸುವ ಸುತ್ತು ಮಾಡಿದ್ದರು. ಹಟ್ಟಿಯವರು ಅದಕ್ಕೆ ರೇಸ್ ಬಯಲು ಎನ್ನುತ್ತಿದ್ದರು. ಅದರ ಅಂಚಿಗೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ದಸ್ತಗೀರ್ ಮೇಸ್ತ್ರಿ. ಹತ್ತು ವರ್ಷ ಅವನಿಗೆ ಮಧ್ಯಾಹ್ನದ ಮುದ್ದೆ ಕೊಟ್ಟವಳು ಸಣ್ಣೀರಮ್ಮ.

ಅವಳು ಮಗನ ಕೈ ಹಿಡಿದುಕೊಂಡು ಶೆಡ್ಡಿಗೆ ಬಂದಳು. ದಾರಿಯಲ್ಲಿ ಐದು ಸಲ ಕೂತಳು.

"ಮೇಸ್ತ್ರಿ, ಇವನ್ನ ಇಟ್ಕಳ್ಳಿ."

"ಅಕ್ಕಾ, ಇದು ಮೇಕೆ ಕಟ್ಟೋ ಜಾಗ ಅಲ್ಲ."

"ಗೊತ್ತು. ನಾನು ಹೋದ ಮೇಲೆ ಇವನಿಗೆ ಒಂದು ಹೊತ್ತು ಊಟ, ಮಲಗೋಕೆ ಒಂದು ಮೂಲೆ. ಇನ್ನೇನೂ ಕೇಳಲ್ಲ."

ಮೇಸ್ತ್ರಿ ಸ್ಪ್ಯಾನರು ಒರೆಸಿದ.

"ಬೋಪಯ್ಯನವರ ಕಾರು ನನ್ನ ಕೈಲಿದೆ. ಯುಗಾದಿ ಕಳೆದ ಭಾನುವಾರ ಪಂದ್ಯ. ಅಲ್ಲೀವರೆಗೆ ಇರಲಿ. ಪಂದ್ಯ ನೆಟ್ಟಗೆ ಮುಗಿದರೆ ಇವನು ಇಲ್ಲೇ ಕಾಯಂ. ಕೆಟ್ಟರೆ ನನ್ನನ್ನ ಕೇಳಬೇಡ."

"ಆಗಲಿ. ಓಬಳ, ಮೇಸ್ತ್ರಿ ಹೇಳಿದ್ದನ್ನ ಮಾಡು."

"ಹೂಂ ಅವ್ವ," ಎಂದ ಓಬಳ.

ಬೋಪಯ್ಯನವರು ಕೊಡಗಿನವರು. ಐವತ್ತು ದಾಟಿತ್ತು. ಮೀಸೆ ಬೆಳ್ಳಗಾಗಿತ್ತು. ಅವರ ಕಾರು ಕೆಂಪು, ಕುಳ್ಳು, ಎರಡೇ ಸೀಟು. ಓಡಿದರೆ ಗಾಳಿ. ಆದರೆ ಅದಕ್ಕೊಂದು ರೋಗ. ಮೂರು ಸುತ್ತು ಬಿಗಿಯಾಗಿ ಓಡಿಸಿದರೆ ಎಂಜಿನ್ ಕಾಯುತ್ತಿತ್ತು. ನಾಲ್ಕನೆಯ ಸುತ್ತಿಗೆ ಕಾವಿನ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು. ಪಂದ್ಯ ಹನ್ನೆರಡು ಸುತ್ತು.

"ಓಡಿಸೋದು ಯಾರು ಬೇಕಾದ್ರೂ ಓಡಿಸ್ತಾರೆ," ಎಂದ ಮೇಸ್ತ್ರಿ. "ತಣ್ಣಗಿಟ್ಟು ಓಡಿಸೋದು ಕೆಲಸ. ನಮ್ಮ ಕೆಲಸ ಇಷ್ಟೇ ಕಣೋ ಓಬಳ, ಕಾವು ಇಳಿಸೋದು."

ಓಬಳ ಹೂಂ ಅಂದ.

ಮೊದಲನೆಯ ದಿನ. ಬೋಪಯ್ಯನವರು ನಾಲ್ಕು ಸುತ್ತು ಓಡಿಸಿ ಶೆಡ್ಡಿಗೆ ತಂದು ನಿಲ್ಲಿಸಿದರು. ಒಳಗೆ ಗುಳುಗುಳು ಸದ್ದು. ಮೇಸ್ತ್ರಿ ಬಾನೆಟ್ ಎತ್ತಿ ಬಗ್ಗಿ ನೋಡುತ್ತಿದ್ದ, ಯಾವ ಪೈಪು ಸೋರುತ್ತಿದೆ ಎಂದು. ಓಬಳನೂ ಬಗ್ಗಿದ. ರೇಡಿಯೇಟರ್ ಕುದಿಯುತ್ತಿತ್ತು. ಬಾಯಿಯ ಹತ್ತಿರ ನೊರೆ ಉಕ್ಕುತ್ತಿತ್ತು.

ಕುದ್ದು ಉಕ್ಕುವುದು ಕಂಡರೆ ಮುಚ್ಚಳ ತೆಗೆಯಬೇಕು. ಓಬಳ ಹೆಗಲ ಟವೆಲು ಸುತ್ತಿ ಮುಚ್ಚಳ ತಿರುಗಿಸಿದ.

ಮುಚ್ಚಳ ಹಾರಿ ತಗಡಿಗೆ ಬಡಿಯಿತು. ಕುದಿನೀರು ಆಳೆತ್ತರ ಎದ್ದಿತು. ಮೇಸ್ತ್ರಿಯ ಎಡಗೈ ಮೊಣಕೈವರೆಗೆ ಬೆಂದಿತು. ತೊಗಲು ಒದ್ದೆ ಕಾಗದದ ಹಾಗೆ ಜಾರಿತು.

ಮೇಸ್ತ್ರಿ ಕೂಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು ನಿಂತ. ತುಟಿ ಬೆಳ್ಳಗಾಗಿತ್ತು.

"ಯಾಕೋ ತೆಗೆದೆ?"

"ಉಕ್ತಾ ಇತ್ತು ಮೇಸ್ತ್ರಿ. ಹಬೆ ಹೊರಗೆ ಹೋಗಲಿ ಅಂತ."

"ಹೋಯ್ತಲ್ಲ. ನೋಡು ಎಲ್ಲಿಗೆ ಹೋಯ್ತು ಅಂತ." ಕೈ ತೋರಿಸಿದ. "ಕೇಳಿಲ್ಲಿ. ಇದು ನಿಮ್ಮವ್ವನ ಮಡಕೆ ಅಲ್ಲ. ಬಿಸಿ ಇದ್ದಾಗ ಮುಚ್ಚಿದ್ದನ್ನ ತೆಗೀಬೇಡ. ಯಾರು ಹೇಳಿದ್ರೂ ತೆಗೀಬೇಡ. ತಣ್ಣಗಾಗೋವರೆಗೂ ಮುಚ್ಚೇ ಇರಲಿ."

"ಹೂಂ ಮೇಸ್ತ್ರಿ," ಎಂದ ಓಬಳ. ಮನಸ್ಸಿನಲ್ಲಿ ಇಟ್ಟುಕೊಂಡ.

ಮೇಸ್ತ್ರಿ ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿದ. ಒಂದೇ ಕೈಯಲ್ಲಿ ಹಳೆಯ ರೇಡಿಯೇಟರ್ ಬಿಚ್ಚಿ ದೊಡ್ಡದು ಕೂರಿಸಿದ. ಬಾನೆಟ್ಟಿಗೆ ಮೀನಿನ ಕಿವಿರಿನ ಹಾಗೆ ಸೀಳು ಕತ್ತರಿಸಿದ, ಬಿಸಿಗಾಳಿ ಮೇಲೆ ಹೋಗಲೆಂದು. ಮುಳ್ಳು ಈಗ ಆರು ಸುತ್ತು ತಡೆಯುತ್ತಿತ್ತು. ಆಮೇಲೆ ಮತ್ತೆ ಕೆಂಪು.

"ಆರಾದ ಮೇಲೆ ಹೀಟರು ಹಾಕಿ ಸ್ವಾಮಿ," ಎಂದ ಮೇಸ್ತ್ರಿ. "ಚಳಿಗೆ ಹಾಕ್ತಾರಲ್ಲ, ಅದೇ. ಪೂರ್ತಿ ತಿರುಗಿಸಿ. ಎಂಜಿನ್ನಿನ ಕಾವನ್ನ ಎಳೆದು ಒಳಗೆ ಬಿಡ್ತದೆ. ಎಂಜಿನ್ ಉಳೀತದೆ."

"ನಾನು?" ಎಂದರು ಬೋಪಯ್ಯ.

"ನೀವು ಬೇಯ್ತೀರಿ. ಸುತ್ತು ಮುಗಿದ ಕೂಡಲೇ ಇಳಿದುಬಿಡಿ."

ಆ ಕಾರಿನ ಎರಡೂ ಬಾಗಿಲಿಗೆ ಒಳಗಿನಿಂದ ಹಿಡಿ ಇರಲಿಲ್ಲ. ಕಿತ್ತುಹೋಗಿತ್ತು. ಹೊರಗೆ ನಿಂತವರೇ ತೆಗೆಯಬೇಕು. ಕಿಟಕಿ ಇಳಿಯುತ್ತಿರಲಿಲ್ಲ. ಅಂಗೈಯಗಲದ ಒಂದು ಕಿಂಡಿ ಇತ್ತು, ಅಷ್ಟೇ.

ಶುಕ್ರವಾರ ಮೇಸ್ತ್ರಿ ನಮಾಜಿಗೆ ಹೋದ. ಬೋಪಯ್ಯನವರು ಎಂಟು ಸುತ್ತು ಓಡಿಸಿದರು. ಕೊನೆಯ ಎರಡು ಸುತ್ತು ಹೀಟರು ಹಾಕಿ. ಹೊರಗೆ ಬೇಸಿಗೆಯ ಬಿಸಿಲು. ಶೆಡ್ಡಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದರು. ಮುಖ ಕಾರಿನ ಬಣ್ಣಕ್ಕೆ ತಿರುಗಿತ್ತು.

"ಬಾಗಿಲು ತೆಗಿ."

ಓಬಳ ಬಾಗಿಲ ಮೇಲೆ ಕೈಯಿಟ್ಟ. ಸುಟ್ಟಿತು. ಕೈ ತೆಗೆದ.

"ಬಿಸಿ ಐತೆ ಸ್ವಾಮಿ."

"ನನಗೂ ಬಿಸಿ ಕಣಯ್ಯ. ತೆಗಿ."

"ಬಿಸಿ ಇದ್ದಾಗ ಮುಚ್ಚಿದ್ದನ್ನ ತೆಗೀಬಾರದು ಸ್ವಾಮಿ."

"ಯಾರು ಹೇಳಿದ್ದು?"

"ಮೇಸ್ತ್ರಿ."

"ನಾನು ಹೇಳ್ತಿದ್ದೇನೆ. ಕಾರು ನನ್ನದು. ತೆಗಿ."

"ಯಾರು ಹೇಳಿದ್ರೂ ತೆಗೀಬೇಡ ಅಂದವ್ರೆ."

ಬೋಪಯ್ಯನವರು ಗಾಜು ಗುದ್ದಿದರು. ಒದ್ದರು. ಕೊಡವ ಭಾಷೆಯಲ್ಲಿ ಏನೋ ಹೇಳಿದರು. ಓಬಳನಿಗೆ ಅರ್ಥವಾಗಲಿಲ್ಲ. ನೆರಳಲ್ಲಿ ಕುಕ್ಕರಗಾಲಲ್ಲಿ ಕೂತ. ಆಗಾಗ ಎದ್ದು ಬಾಗಿಲು ಮುಟ್ಟಿ ನೋಡಿದ. ಇನ್ನೂ ಬಿಸಿ. ಮತ್ತೆ ಕೂತ.

ಗುದ್ದು ನಿಂತಿತು. ಓಬಳ ಕಿಂಡಿಗೆ ಬಾಯಿಟ್ಟ.

"ತಣ್ಣಗಾದ್ರಾ ಸ್ವಾಮಿ?"

ಉತ್ತರ ಬರಲಿಲ್ಲ.

ಮೇಸ್ತ್ರಿ ಬಂದಾಗ ಬೋಪಯ್ಯನವರ ತಲೆ ಸ್ಟಿಯರಿಂಗ್ ಮೇಲೆ ಬಿದ್ದಿತ್ತು. ಬೆವರು ನಿಂತಿತ್ತು. ಮೇಸ್ತ್ರಿ ಬಾಗಿಲು ತೆಗೆದು ಅವರನ್ನು ಹೊರಗೆಳೆದು ಮಲಗಿಸಿದ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿದ, ರಟ್ಟು ತೆಗೆದುಕೊಂಡು ಬೀಸಿದ. ಕಾಲು ಗಂಟೆ ಬೀಸಿದ. ಬೋಪಯ್ಯನವರು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟರು.

"ಇವನನ್ನ ಕಳಿಸು," ಎಂದರು. ಅಷ್ಟೇ ಹೇಳಿ ಮತ್ತೆ ಮಲಗಿದರು.

ಮೇಸ್ತ್ರಿ ಓಬಳನ ಕತ್ತಿನ ಪಟ್ಟಿ ಹಿಡಿದ.

"ಮನುಷ್ಯ ಸಾಯ್ತಿದ್ದ ಕಣೋ."

"ಇನ್ನೂ ಬಿಸಿ ಇತ್ತು ಮೇಸ್ತ್ರಿ. ಮುಟ್ಟಿ ಮುಟ್ಟಿ ನೋಡಿದೆ."

"ಅಯ್ಯೋ ಅಲ್ಲಾ. ಬಿಸಿಯಾಗಿ ಒದ್ದಾಡೋದು ಕಂಡ್ರೆ ಗಾಳಿ ಬೇಕು ಕಣೋ ಅದಕ್ಕೆ. ನೋಡ್ತಾ ಕೂರಬೇಡ. ಕೈಗೆ ಸಿಕ್ಕಿದ್ದು ತಗೊಂಡು ಬೀಸು. ಬಿಡದೆ ಬೀಸು."

"ಹೂಂ ಮೇಸ್ತ್ರಿ," ಎಂದ ಓಬಳ. ಮನಸ್ಸಿನಲ್ಲಿ ಇಟ್ಟುಕೊಂಡ.

ಮೇಸ್ತ್ರಿ ಅವನನ್ನು ಕಳಿಸಲಿಲ್ಲ. ಸಣ್ಣೀರಮ್ಮನ ಊದಿದ ಕಾಲು ಅವನ ಕಣ್ಣಿಗೆ ಕಟ್ಟಿತ್ತು. ಬೋಪಯ್ಯನವರಿಗೆ ಏನೋ ಹೇಳಿ ಒಪ್ಪಿಸಿದ. ಏನು ಹೇಳಿದನೋ. ಅವರು ಒಪ್ಪಿದರು, ಓಬಳನ ಕಡೆ ಮಾತ್ರ ನೋಡಲಿಲ್ಲ. ಬಾಗಿಲಿಗೆ ಒಳಹಿಡಿ ಹಾಕಿಸಿಕೊಂಡರು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಎಣ್ಣೆ ಸೋರಿತು. ಒಂದೇ ಹನಿ. ಕಾದು ಕೆಂಪಗಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದಿತು. ಹಣತೆಯಷ್ಟು ಉರಿ ಎದ್ದಿತು. ಎದ್ದು ಒದ್ದಾಡುತ್ತಿತ್ತು. ಬೆರಳಷ್ಟು ಉದ್ದ, ನೀಲಿ ಬಣ್ಣ. ಬಿಟ್ಟಿದ್ದರೆ ತಾನೇ ಆರುತ್ತಿತ್ತೇನೋ. ಮೇಸ್ತ್ರಿ ಟೈರು ಉರುಳಿಸುತ್ತ ಅತ್ತ ಇದ್ದ. ಓಬಳ ಕಂಡ.

ಬಿಸಿಯಾಗಿ ಒದ್ದಾಡುವುದು ಕಂಡರೆ ಗಾಳಿ. ಓಬಳ ರಟ್ಟು ತೆಗೆದುಕೊಂಡು ಬೀಸಿದ.

ಉರಿ ಗೇಣಾಯಿತು, ಮೊಳವಾಯಿತು. ಓಬಳ ಇನ್ನೂ ಜೋರಾಗಿ ಬೀಸಿದ. ವೈರು ಹತ್ತಿತು, ಪೈಪು ಹತ್ತಿತು. ರಟ್ಟೂ ಹತ್ತಿತು. ಹತ್ತಿದ ರಟ್ಟಿನಲ್ಲೇ ಬೀಸಿದ. ಬಿಡದೆ ಬೀಸು ಎಂದಿದ್ದರಲ್ಲ. ಅವನ ಹುಬ್ಬು ಸುಟ್ಟಿತು. ಬಿಡಲಿಲ್ಲ.

ಮೇಸ್ತ್ರಿ ಓಡಿ ಬಂದು ಮರಳಿನ ಬಕೆಟ್ಟು ಸುರಿದ. ಒಂದಲ್ಲ, ನಾಲ್ಕು. ಬೆಂಕಿ ಆರಿತು. ವೈರುಗಳೆಲ್ಲ ಕರಗಿ ಗಂಟಾಗಿದ್ದವು. ಪಂದ್ಯಕ್ಕೆ ಆರು ದಿನ ಉಳಿದಿತ್ತು.

ಮೇಸ್ತ್ರಿ ಬೈಯಲೂ ಇಲ್ಲ. ಓಬಳನನ್ನು ಹಿಡಿದು ಹಟ್ಟಿಯ ಕಡೆ ತಿರುಗಿಸಿ ಬೆನ್ನಿಗೆ ಒಂದು ನೂಕು ಕೊಟ್ಟ.

ಮರುದಿನ ಬೆಳಿಗ್ಗೆ ಸಣ್ಣೀರಮ್ಮ ಬಂದಳು. ನಡೆದು ಬಂದಳು. ಎಷ್ಟು ಸಲ ಕೂತಳೋ ಗೊತ್ತಿಲ್ಲ. ಶೆಡ್ಡಿನ ಬಾಗಿಲಿಗೆ ಒರಗಿ, ಮಾತು ಬರುವವರೆಗೆ ಉಸಿರು ಎಳೆದಳು.

"ಮೇಸ್ತ್ರಿ."

"ಅಕ್ಕಾ, ಬೇಡ."

"ನಿಮ್ಮ ಕೈ ಸುಟ್ಟ. ಆ ಸ್ವಾಮಿಯೋರ ಜೀವ ತೆಗೀತಿದ್ದ. ಕಾರು ಸುಟ್ಟ. ಎಲ್ಲಾ ಹೇಳಿದ ನಂಗೆ. ಒಂದೂ ಮುಚ್ಚಿಡಲಿಲ್ಲ. ಸುಳ್ಳು ಹೇಳೋ ಬುದ್ಧೀನೂ ಇಲ್ಲ ಅದಕ್ಕೆ."

"ಮತ್ತೆ?"

"ಹಟ್ಟಿಯೋರು ನಾನಿರೋದಕ್ಕೆ ಸುಮ್ನವ್ರೆ. ನಾನು ಹೋದ ಮಾರನೇ ದಿನ ಇವನು ನಾಯಿ ಪಾಲು. ಪಂದ್ಯದವರೆಗೆ ಅಂದಿದ್ರಿ. ಪಂದ್ಯ ಇನ್ನೂ ಆಗಿಲ್ಲ."

ಮೇಸ್ತ್ರಿ ಕರಗಿದ ವೈರು ಕತ್ತರಿಸುತ್ತಿದ್ದ. ಕತ್ತರಿಸುತ್ತಲೇ ಇದ್ದ.

"ಪಂದ್ಯದವರೆಗೆ," ಎಂದ ಕೊನೆಗೆ.

ಸಣ್ಣೀರಮ್ಮ ಮಗನನ್ನು ಪಕ್ಕಕ್ಕೆ ಕರೆದಳು.

"ಅಲ್ಲಾ ಕಣೋ, ಬೆಂಕಿಗೆ ಗಾಳಿ ಹಾಕ್ತಾರೇನೋ? ಹೊಗೆ ಕಂಡ್ರೆ ನೀರು ಹುಯ್ಯೋದು. ಹಟ್ಟೀಲಿ ಮೂರು ವರ್ಷದ ಕೂಸಿಗೂ ಗೊತ್ತು. ಹೊಗೆ ಕಂಡ್ರೆ ಸಾಕು, ಯಾರನ್ನೂ ಕೇಳಬೇಡ, ತಡ ಮಾಡಬೇಡ, ಇರೋ ನೀರೆಲ್ಲ ಹುಯ್ಯಿ. ಇದೊಂದು ಸಲ ಕೆಟ್ಟ ಹೆಸರು ತರಬೇಡ ಕಣಪ್ಪ."

"ಹೂಂ ಅವ್ವ," ಎಂದ ಓಬಳ. ಮನಸ್ಸಿನಲ್ಲಿ ಇಟ್ಟುಕೊಂಡ.

ಆ ವಾರವೆಲ್ಲ ಮೇಸ್ತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಹೊಸ ವೈರು ಎಳೆದ. ಪೈಪಿಗೆ ಕಾವು ತಡೆಯುವ ಪಟ್ಟಿ ಸುತ್ತಿದ. ಎಣ್ಣೆ ತಣಿಸಲು ಇನ್ನೊಂದು ಪುಟ್ಟ ರೇಡಿಯೇಟರ್ ಮುಂದೆ ಕೂರಿಸಿದ. ಗಾಳಿ ಆಚೀಚೆ ತಪ್ಪಿಸಿಕೊಳ್ಳದೆ ನೇರ ಅದಕ್ಕೇ ಬಡಿಯಲಿ ಎಂದು ತಗಡು ಮಡಿಸಿ ದಾರಿ ಮಾಡಿದ. ಓಬಳ ಹಿಡಿ ಎಂದದ್ದನ್ನು ಹಿಡಿದ. ಬಿಡು ಎಂದಾಗ ಬಿಟ್ಟ. ಶನಿವಾರ ಬೋಪಯ್ಯನವರು ಹನ್ನೆರಡು ಸುತ್ತು ಓಡಿಸಿದರು. ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಮುಟ್ಟಲಿಲ್ಲ.

ಬೋಪಯ್ಯನವರು ಇಳಿದು ಮೀಸೆ ಸವರಿಕೊಂಡರು. ಆ ಶುಕ್ರವಾರದ ಮೇಲೆ ಮೊದಲನೆಯ ಸಲ ಓಬಳನ ಕಡೆ ನೋಡಿದರು.

"ಈ ಗಟ್ಟಿ ಆಳು ನಾಳೆ ದೂರ ನಿಲ್ಲಲಿ," ಎಂದರು.

ಭಾನುವಾರ ಪಂದ್ಯ. ಹಟ್ಟಿಗೆ ಹಟ್ಟಿಯೇ ಬಯಲಿಗೆ ಬಂದಿತ್ತು. ಮನೆಗಳಲ್ಲಿ ಮಲಗಿದವರು ಬಿಟ್ಟರೆ ಯಾರೂ ಇರಲಿಲ್ಲ. ಬೆಳಿಗ್ಗೆ ಒಂದು ಓಟ, ಮಧ್ಯಾಹ್ನ ಒಂದು ಓಟ. ಎರಡೂ ಸೇರಿ ಗೆಲುವು.

ಬೆಳಗಿನ ಓಟದಲ್ಲಿ ಬೋಪಯ್ಯನವರು ಮೊದಲು ಬಂದರು. ಮೂವತ್ತು ವರ್ಷದ ಹುಡುಗರು ಹಿಂದೆ ಉಳಿದರು. ಮೇಸ್ತ್ರಿ ಕಟ್ಟು ಹಾಕಿದ ಕೈಯಿಂದಲೇ ತೊಡೆ ತಟ್ಟಿದ.

ಬೋಪಯ್ಯನವರಿಗೆ ಸಂತೋಷ ಹೆಚ್ಚಾಯಿತು. ನಿಧಾನಕ್ಕೆ ಒಂದು ಸುತ್ತು ಹಾಕಿ ಬರಬೇಕಾದವರು ಜೋರಾಗಿಯೇ ಶೆಡ್ಡಿನೊಳಗೆ ಬಂದು ನಿಂತರು. ಇಳಿದರು. ಜನ ಸುತ್ತಿಕೊಂಡರು. ಮೇಸ್ತ್ರಿಯನ್ನು ಯಾರೋ ತಬ್ಬಿಕೊಂಡರು. ಬಾನೆಟ್ಟಿನ ಸೀಳುಗಳಿಂದ ಸಣ್ಣಗೆ ಬಿಳಿ ಆವಿ ಏಳುತ್ತಿತ್ತು. ಏಳುವುದೇ. ಎಲ್ಲ ಕಾರಿನಿಂದಲೂ ಏಳುತ್ತಿತ್ತು.

ಓಬಳ ದೂರ ನಿಂತಿದ್ದ. ನಿಲ್ಲು ಎಂದಲ್ಲೇ ನಿಂತಿದ್ದ. ಅವನ ಪಕ್ಕದಲ್ಲಿ ದೊಡ್ಡ ಟಬ್ಬು. ಓಡಿಸುವವರ ಕುತ್ತಿಗೆಗೆ ಹಾಕುವ ಬಟ್ಟೆ ನೆನೆಸಲು ಅದರಲ್ಲಿ ಐಸು ಹಾಕಿದ ನೀರು. ಓಬಳ ಹೊಗೆ ಕಂಡ. ಬೇರೆ ಯಾರೂ ಕಂಡ ಹಾಗೆ ಇರಲಿಲ್ಲ. ಎಲ್ಲರೂ ನಗುತ್ತಿದ್ದರು.

ಯಾರನ್ನೂ ಕೇಳಬಾರದು. ತಡ ಮಾಡಬಾರದು.

ಇಬ್ಬರು ಎತ್ತುವ ಟಬ್ಬು. ಓಬಳ ಒಬ್ಬನೇ ಎತ್ತಿದ. ಜನರ ನಡುವೆ ನುಗ್ಗಿದ. ಒಂದು ಕೈಯಲ್ಲಿ ಬಾನೆಟ್ ಎತ್ತಿ, ಇರುವ ನೀರೆಲ್ಲ, ಐಸಿನ ಗಡ್ಡೆ ಸಮೇತ, ಎಂಜಿನ್ನಿನ ಮೇಲೆ ಹುಯ್ದ.

ಮೊದಲು ಆವಿ. ಆಮೇಲೆ ಒಂದು ಸದ್ದು. ದೊಡ್ಡದಲ್ಲ. ತಂಬಿಗೆ ನೆಲಕ್ಕೆ ಬಿದ್ದ ಹಾಗೆ, ಟಣ್ ಎಂದು.

ಮೇಸ್ತ್ರಿಗೆ ಸದ್ದು ಸಾಕಾಯಿತು. ನೋಡಬೇಕಾಗಿರಲಿಲ್ಲ. ಆದರೂ ಬಂದು ನೋಡಿದ. ಎಂಜಿನ್ನಿನ ಪಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗಿನ ನೀರು ಅದರಿಂದ ಜಿನುಗುತ್ತಿತ್ತು.

ಬೋಪಯ್ಯನವರು ಟೈರಿನ ಮೇಲೆ ಕೂತರು. ಹೆಲ್ಮೆಟ್ಟು ಮಡಿಲಲ್ಲಿ ಇಟ್ಟುಕೊಂಡರು. ಮಧ್ಯಾಹ್ನದ ಓಟಕ್ಕೆ ಬೇರೆಯವರ ಕಾರುಗಳು ಸಾಲಾಗಿ ಹೊರಟವು. ಸದ್ದು ಕೇಳುತ್ತ ಕೂತಿದ್ದರು.

ಮೇಸ್ತ್ರಿ ಓಬಳನ ಮುಂದೆ ನಿಂತ. ಹೊಡೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಹೊಡೆಯಲಿಲ್ಲ.

"ಹೋಗು," ಎಂದ.

"ಎಲ್ಲಿಗೆ ಮೇಸ್ತ್ರಿ?"

"ನಿಮ್ಮವ್ವನ ಹತ್ತಿರ."

"ಮತ್ತೆ ಯಾವಾಗ ಬರಲಿ?"

ಮೇಸ್ತ್ರಿ ಬೆನ್ನು ತಿರುಗಿಸಿ ಹೊರಟ. ಆದರೆ ಹಳೆಯ ಮೇಸ್ತ್ರಿ. ಕೆಲಸ ತಪ್ಪಿದ್ದು ಕಂಡು ಬಾಯಿ ಮುಚ್ಚಲು ಬರುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋದವನು ತಿರುಗಿದ.

"ಕಾದಿದ್ದನ್ನ ಒಂದೇ ಸಲ ತಣ್ಣಗೆ ಮಾಡಬಾರದು ಕಣೋ. ತಣ್ಣೀರು ತಾಗಿಸಲೇಬಾರದು. ಥಟ್ಟನೆ ನಿಲ್ಲಿಸಲೂಬಾರದು, ಕಾವು ಒಳಗೇ ನಿಂತುಬಿಡ್ತದೆ. ನಿಧಾನಕ್ಕೆ ಸುತ್ತು ಹಾಕಿಸಬೇಕು. ಒಂದು ಸುತ್ತು, ಎರಡು ಸುತ್ತು, ಕಾವು ತಾನಾಗಿ ಇಳಿಯೋವರೆಗೆ. ಇಳಿದ ಮೇಲೆ ನಿಲ್ಲಿಸಬೇಕು. ಇಷ್ಟು ದಿನ ಇಲ್ಲಿದ್ದು ಇಷ್ಟಾದ್ರೂ ಕಲೀಲಿಲ್ವಲ್ಲೋ."

"ಹೂಂ ಮೇಸ್ತ್ರಿ," ಎಂದ ಓಬಳ. ಮನಸ್ಸಿನಲ್ಲಿ ಇಟ್ಟುಕೊಂಡು ಹಟ್ಟಿಗೆ ನಡೆದ.

ಹಟ್ಟಿ ಖಾಲಿ. ಬಾಗಿಲು ದೂಡಿ ಒಳಗೆ ಹೋದ. ಸಣ್ಣೀರಮ್ಮ ಕಂಬಳಿ ಹೊದ್ದು ಮಲಗಿದ್ದಳು. ಎರಡು ದಿನದಿಂದ ಜ್ವರ. ಮಗನಿಗೆ ಹೇಳಿರಲಿಲ್ಲ. ಹೇಳಿದರೆ ಕೆಲಸ ಬಿಟ್ಟು ಕೂರುತ್ತಾನೆ ಎಂದು.

"ಗೆದ್ರೇನೋ?"

"ಇಲ್ಲವ್ವ. ಎಂಜಿನ್ನು ಬಿರುಕು ಬಿಡ್ತು."

"ಯಾರು ಮಾಡಿದ್ದು?"

"ನಾನು. ನೀ ಹೇಳಿದ್ಯಲ್ಲ. ನೀರು ಹುಯ್ದೆ."

ಸಣ್ಣೀರಮ್ಮ ಕಣ್ಣು ಮುಚ್ಚಿಕೊಂಡಳು. "ಒಂದು ಲೋಟ ನೀರು ಕೊಡಪ್ಪ," ಎಂದಳು.

ಓಬಳ ಲೋಟ ತಂದ. ಕೈ ಹಿಡಿದು ಎಬ್ಬಿಸಹೋದ. ಅವಳ ಕೈ ಕೆಂಡದ ಹಾಗಿತ್ತು. ಹಣೆ ಮುಟ್ಟಿದ. ಸುಡುತ್ತಿತ್ತು. ಓಬಳ ಲೋಟವನ್ನು ದೂರ ಇಟ್ಟ.

"ನೀರು ಕೊಡೋ."

"ಕಾದಿದ್ದಕ್ಕೆ ತಣ್ಣೀರು ತಾಗಿಸಬಾರದವ್ವ. ಬಿರುಕು ಬಿಡ್ತದೆ."

"ಗಂಟಲು ಒಣಗ್ತದೆ ಕಣೋ."

"ಏಳವ್ವ. ಮಲಗಬಾರದು. ಕಾವು ಒಳಗೇ ನಿಂತುಬಿಡ್ತದೆ."

ಗಟ್ಟಿ ಆಳು. ಕಂಬಳಿ ಸಮೇತ ಎತ್ತಿ ನಿಲ್ಲಿಸಿದ. ಸೊಂಟಕ್ಕೆ ಕೈ ಹಾಕಿ ಅಂಗಳಕ್ಕೆ ತಂದ. ಮನೆಯ ಸುತ್ತ ನಡೆಸಿದ. ನಿಧಾನಕ್ಕೆ ನಡೆಸಿದ. ಮೇಸ್ತ್ರಿ ನಿಧಾನಕ್ಕೆ ಎಂದಿದ್ದ.

ಒಂದು ಸುತ್ತು.

"ಕೂರಿಸೋ ನನ್ನ."

"ಇನ್ನೂ ಬಿಸಿ ಇದೀಯವ್ವ."

"ಯಾವನೋ ಹೇಳಿದ್ದು ನಿಂಗೆ?"

"ಮೇಸ್ತ್ರಿ."

"ಮೇಸ್ತ್ರಿ ಹೇಳಿದ್ದು ಕಾರಿಗೆ ಕಣೋ."

"ಕಾರಿಗಿಂತ ನೀನೇ ಹೆಚ್ಚು ಕಾದಿದೀಯವ್ವ," ಎಂದ ಓಬಳ. ಅವನ ಕಣ್ಣಲ್ಲಿ ನೀರಿತ್ತು. ಹೆದರಿದ್ದ.

ಸಣ್ಣೀರಮ್ಮ ಕೂಗಿದಳು. ಯಾರಿಗೆ ಕೇಳಬೇಕು. ಬಯಲಿನಿಂದ ಕಾರುಗಳ ಸದ್ದು ಬರುತ್ತಿತ್ತು. ಹಟ್ಟಿಯ ಜನವೆಲ್ಲ ಅಲ್ಲಿತ್ತು. ನಾಯಿಯೊಂದು ಎದ್ದು ಬಂದು ನೋಡಿ ಮತ್ತೆ ಮಲಗಿತು.

ಎರಡು ಸುತ್ತು. ಮೂರು ಸುತ್ತು. ಅವಳ ಕಾಲು ಎಳೆಯುತ್ತಿದ್ದವು. ಓಬಳ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಈಗ ಅವಳು ಬೈಯಲಿಲ್ಲ. ಮಗನ ಹೆಗಲಿಗೆ ತಲೆಯಿಟ್ಟಳು.

"ಮೇಸ್ತ್ರಿ ಹೋಗು ಅಂದ್ರಾ?"

"ಹೂಂ."

"ಮತ್ತೆ ಬಾ ಅಂದ್ರಾ?"

"ಅನ್ನಲಿಲ್ಲ."

ಇನ್ನೊಂದು ಸುತ್ತು ನಡೆದಳು. ಉಸಿರು ಹರಿದ ತಿದಿಯ ಹಾಗೆ ಬರುತ್ತಿತ್ತು.

"ನಾಳೆ ನಾನೇ ಬಂದು ಕೇಳ್ತೀನಿ," ಎಂದಳು. "ಬೇಡ ಅನ್ನಲ್ಲ. ಒಳ್ಳೇನು."

"ಹೂಂ ಅವ್ವ."

"ಹಸಿವಾದ್ರೆ ಬಾಯಿ ಬಿಟ್ಟು ಕೇಳು. ಸುಮ್ನೆ ಕೂರಬೇಡ."

"ಹೂಂ ಅವ್ವ."

ಆಮೇಲೆ ಸಣ್ಣೀರಮ್ಮ ಮಾತು ನಿಲ್ಲಿಸಿದಳು. ಓಬಳ ನಡೆಸುವುದು ನಿಲ್ಲಿಸಲಿಲ್ಲ. ಅವಳ ಕಾಲು ನೆಲಕ್ಕೆ ತಾಗುವುದೂ ನಿಂತಿತು. ಓಬಳ ಎತ್ತಿಕೊಂಡ. ಎತ್ತಿಕೊಂಡೇ ಸುತ್ತಿದ. ಸುತ್ತಿಗೊಂದು ಸಲ ಹಣೆ ಮುಟ್ಟಿ ನೋಡಿದ. ಬಿಸಿ. ಇನ್ನೊಂದು ಸುತ್ತು. ಬೆಚ್ಚಗೆ. ಇನ್ನೊಂದು ಸುತ್ತು. ಬಿಸಿಲು ಮನೆಯ ಆಚೆಗೆ ಬಾಗಿತು. ಬಯಲಿನಲ್ಲಿ ಕಾರುಗಳ ಸದ್ದು ಅಡಗಿತು. ಓಬಳ ಸುತ್ತುತ್ತಲೇ ಇದ್ದ. ಕೊನೆಗೆ ಒಂದು ಸಲ ಮುಟ್ಟಿದಾಗ ಹಣೆ ತಣ್ಣಗಿತ್ತು.

ಓಬಳ ಉಸಿರು ಬಿಟ್ಟ. ಒಳಗೆ ತಂದು ಮಲಗಿಸಿದ. ಕಂಬಳಿ ಹೊದೆಸಿದ. ಬಯಲಿಗೆ ಓಡಿದ.

ಮೇಸ್ತ್ರಿ ಒಬ್ಬನೇ ಇದ್ದ. ಬಿರುಕು ಬಿಟ್ಟ ಎಂಜಿನ್ನನ್ನು ಸರಪಳಿಗೆ ಕಟ್ಟಿ ಮೇಲೆತ್ತುತ್ತಿದ್ದ. ಓಬಳ ಓಡಿ ಬರುವುದು ಕಂಡು ಸರಪಳಿ ಹಿಡಿದುಕೊಂಡೇ ನಿಂತ.

"ಮೇಸ್ತ್ರಿ, ಈ ಸಲ ತಪ್ಪಲಿಲ್ಲ."

"ಏನು?"

"ನೀವು ಹೇಳಿದ ಹಾಗೇ ಮಾಡಿದೆ. ಅವ್ವ ಕಾದಿದ್ಲು. ನೀರು ತಾಗಿಸಲಿಲ್ಲ. ಕೇಳಿದ್ಲು, ಕೊಡಲಿಲ್ಲ. ಮಲಗೋಕೂ ಬಿಡಲಿಲ್ಲ. ನಿಧಾನಕ್ಕೆ ಸುತ್ತು ಹಾಕಿಸಿದೆ, ಮನೆ ಸುತ್ತ. ಕಾವು ತಾನಾಗಿ ಇಳೀತು. ಪೂರ್ತಿ ಇಳೀತು ಮೇಸ್ತ್ರಿ. ಈಗ ಕಲ್ಲಿನ ಹಾಗೆ ತಣ್ಣಗವ್ಳೆ."

ಮೇಸ್ತ್ರಿಯ ಕೈಯಿಂದ ಸರಪಳಿ ಜಾರಿತು. ಎಂಜಿನ್ನು ನೆಲಕ್ಕೆ ಬಿದ್ದಿತು. ಅದನ್ನು ಅವನು ನೋಡಲಿಲ್ಲ.

ಈ ಸಲ ಮೇಸ್ತ್ರಿ ಬುದ್ಧಿಯನ್ನೂ ಹೇಳಲಿಲ್ಲ. ಓಬಳ ಕಾದು ನಿಂತಿದ್ದ, ಏನಾದರೂ ಹೇಳುತ್ತಾನೆ ಎಂದು. ಮೇಸ್ತ್ರಿ ಬೆಂಚಿನ ಮೇಲೆ ಕೂತ. ಕಟ್ಟು ಹಾಕಿದ ಕೈಯನ್ನೂ ಹಾಕದ ಕೈಯನ್ನೂ ಮುಖಕ್ಕೆ ಒತ್ತಿಕೊಂಡ. ಆಮೇಲೆ ತೆಗೆದ.

"ಓಬಳ."

"ಮೇಸ್ತ್ರಿ."

"ನೀನು ಇನ್ನು ಇಲ್ಲೇ ಇರು. ಆ ಮೂಲೆ ನಿಂದು. ಊಟ ನನ್ನ ಜೊತೆ. ಎಲ್ಲಿಗೂ ಹೋಗಬೇಡ."

"ಕಾಯಂ?"

"ಕಾಯಂ."

ಓಬಳನ ಸುಟ್ಟ ಹುಬ್ಬು ಮೇಲೆ ಹೋಯಿತು. ಬಾಯಿ ತುಂಬ ನಕ್ಕ.

"ಹಂಗಾರೆ ಒಂದು ಗಳಿಗೆ ಮನೆಗೆ ಹೋಗಿ ಬತ್ತೀನಿ ಮೇಸ್ತ್ರಿ."

"ಯಾಕೋ?"

"ಅವ್ವ ತಣ್ಣಗಾಗವ್ಳಲ್ಲ. ಈಗ ಸ್ಟಾರ್ಟ್ ಮಾಡಬೇಕು. ಜಾಗ ಸಿಕ್ತು ಅಂತ ಹೇಳಬೇಕು."